ಸುಟ್ಟುಹೋದದ್ದನ್ನು ಮತ್ತೆ ಬರೆಯುವುದು

ನಮ್ಮ ಸಭೆಗಳಲ್ಲಿ ಸಾಕ್ಷಿ ಹೇಳುವುದಕ್ಕೆ ಒಂದು ರೂಢಿ ಬಿದ್ದುಬಿಟ್ಟಿದೆ. ಕಷ್ಟ ಬಂತು, ಉಪವಾಸ ಮಾಡಿ ಪ್ರಾರ್ಥಿಸಿದೆವು, ಕರ್ತನು ಬಿಡಿಸಿದನು, ಸ್ತೋತ್ರ. ಇಂಥ ಸಾಕ್ಷಿಗಳು ಎಷ್ಟೋ ಸಲ ನನ್ನನ್ನೇ ಎತ್ತಿ ನಿಲ್ಲಿಸಿವೆ. ಅವುಗಳ ಬಗ್ಗೆ ನನಗೆ ಗೌರವವೇ ಇದೆ. ಆದರೆ ಕಷ್ಟ ಇನ್ನೂ ಮುಗಿಯದವರು ಮೈಕಿನ ಹತ್ತಿರ ಬರುವುದೇ ಇಲ್ಲ, ಗಮನಿಸಿದ್ದೀರಾ? ಮಗ ಇನ್ನೂ ಮಾತಾಡಿಸುತ್ತಿಲ್ಲ. ಊರಿನವರು ಇನ್ನೂ ಮುಖ ತಿರುಗಿಸಿಕೊಂಡೇ ಹೋಗುತ್ತಾರೆ. ಇಷ್ಟು ವರ್ಷ ಸೇವೆ ಮಾಡಿ ಏನಾಯಿತು ಅಂತ ಯಾರಾದರೂ ಕೇಳಿದರೆ ತೋರಿಸುವುದಕ್ಕೆ ಏನೂ ಇಲ್ಲ. ಅಂಥವರು ಹಿಂದಿನ ಬೆಂಚಿನಲ್ಲಿ ಕೂತಿದ್ದು, ಆಶೀರ್ವಾದ ಮುಗಿದ ಕೂಡಲೇ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಾರೆ.

ನಮ್ಮ ಸಭೆಗೆ ಬರುವ ಒಬ್ಬ ಅಕ್ಕ ಹಾಗೆಯೇ. ಅವರ ಸತ್ಯವೇದ ಅವರ ಮನೆಯಲ್ಲಿಲ್ಲ. ಚರ್ಚಿನಲ್ಲಿ ಕೀರ್ತನೆ ಪುಸ್ತಕ ಇಡುವ ಬೀರು ಇದೆಯಲ್ಲ, ಅದರ ಕೆಳಗಿನ ಅರೆಯಲ್ಲಿದೆ. ಮನೆಗೆ ಒಯ್ದರೆ ಜಗಳ. ಆರಾಧನೆ ಮುಗಿದು ಉಳಿದವರು ಟೀ ಕುಡಿಯುವಾಗ ಅವರು ಬೀರುವಿನ ಪಕ್ಕ ನಿಂತುಕೊಂಡೇ ಒಂದು ಅಧ್ಯಾಯ ಓದುತ್ತಾರೆ. ಗುರುತಿಗೆ ಇಡುವುದು ಹೆಂಗಸರಿಗೆ ಕೊಡುವ ಉಚಿತ ಬಸ್ ಟಿಕೆಟ್ಟು. ಪುಸ್ತಕ ಒಳಗಿಟ್ಟು ಮುಂದಿನ ಬಸ್ ಹಿಡಿಯುತ್ತಾರೆ. ಗಂಡ ಕೆಟ್ಟವರೇನಲ್ಲ. ಜನ ಏನಂದಾರು ಅನ್ನುವ ಹೆದರಿಕೆ ಅವರಿಗೆ. ಅಕ್ಕನೂ ಅವರ ಮೇಲೆ ದೂರು ಹೇಳುವುದಿಲ್ಲ. ಒಮ್ಮೆ ನನ್ನ ಹತ್ತಿರ ಇಷ್ಟೇ ಅಂದರು: "ಬೈದ್ರೆ ತಡ್ಕೋಬಹುದು. ಏನೂ ಬದಲಾಗ್ತಾನೇ ಇಲ್ವಲ್ಲ, ಅದು ಕಷ್ಟ."

ಆ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ವಿರೋಧ ಬರುತ್ತದೆ ಅಂತ ಯೇಸುಸ್ವಾಮಿ ಮೊದಲೇ ಹೇಳಿದ್ದಾರೆ. ಅದಕ್ಕೆ ನಾವು ಒಂದು ಮಟ್ಟಿಗೆ ತಯಾರಾಗಿಯೇ ಇರುತ್ತೇವೆ. ಯಾರಾದರೂ ಎದುರು ನಿಂತು ಬೈದಾಗ ಒಳಗಿನಿಂದ ಒಂದು ಧೈರ್ಯವೂ ಬರುತ್ತದೆ. ಬೈಯುವವರು ಸುಸ್ತಾಗಿ ಹೋದ ಮೇಲೆ, ಏನೂ ಆಗದೆ ವರ್ಷ ಉರುಳುವಾಗ, ಇದಕ್ಕೆಲ್ಲ ಅರ್ಥ ಇದೆಯಾ ಅಂತ ನಮ್ಮೊಳಗೇ ಶುರುವಾಗುತ್ತದೆ ನೋಡಿ, ಅಲ್ಲಿ ಜಾಸ್ತಿ ಜನ ಕೈಬಿಡುತ್ತಾರೆ. ಅವರಿಗೆ ಜಯದ ಕಥೆ ಹೇಳಿದರೆ ಇನ್ನಷ್ಟು ಕುಗ್ಗುತ್ತಾರೆ. ನಮಗಿಂತ ಮೊದಲು ಹೋದವರು ಅಂಥ ದಿನಗಳನ್ನು ಹೇಗೆ ಕಳೆದರು ಅಂತ ಹೇಳಬೇಕು.

ನನಗೆ ಮೊದಲು ನೆನಪಾಗುವುದು ವಿಲಿಯಂ ಕ್ಯಾರಿ. ಸಂಡೇ ಸ್ಕೂಲಿನಲ್ಲಿ ಅವರ ಕಥೆ ಎಲ್ಲರೂ ಕೇಳಿರುತ್ತೀರಿ. ಇಂಗ್ಲೆಂಡಿನಲ್ಲಿ ಚಪ್ಪಲಿ ಹೊಲಿಯುತ್ತಿದ್ದವರು, ಭಾರತಕ್ಕೆ ಬಂದರು, ಹತ್ತಾರು ಭಾಷೆಗಳಿಗೆ ಸತ್ಯವೇದ ಅನುವಾದಿಸಿದರು. ಇಷ್ಟು ಹೇಳಿ ನಿಲ್ಲಿಸಿದರೆ ಅದೂ ಜಯದ ಕಥೆಯೇ. ನಡುವಿನ ವರ್ಷಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಅವರು ಕಲ್ಕತ್ತಾ ತಲುಪಿದ್ದು 1793ರ ನವೆಂಬರ್‌ನಲ್ಲಿ. ಈಸ್ಟ್ ಇಂಡಿಯಾ ಕಂಪನಿಗೆ ಮಿಷನರಿಗಳು ಬೇಡವಾಗಿದ್ದರು. ವ್ಯಾಪಾರಕ್ಕೆ ತೊಂದರೆ ಆಗುತ್ತದೆ ಅನ್ನುವ ಲೆಕ್ಕ. ಜೊತೆಗೆ ಬಂದಿದ್ದ ಡಾಕ್ಟರ್ ಜಾನ್ ಥಾಮಸ್ ಕೈಯಲ್ಲಿ ದುಡ್ಡು ನಿಲ್ಲುತ್ತಿರಲಿಲ್ಲ. ಮೊದಲ ತಿಂಗಳುಗಳಲ್ಲೇ ಸಂಸಾರ ಬೀದಿಗೆ ಬರುವ ಸ್ಥಿತಿ. ಹೊಟ್ಟೆಪಾಡಿಗೆ ಮಾಲ್ಡಾ ಕಡೆಯ ಮುದ್ನಾಬಾಟಿಯಲ್ಲಿ ನೀಲಿ ಬಣ್ಣ ತಯಾರಿಸುವ ಕಾರ್ಖಾನೆ ನೋಡಿಕೊಳ್ಳುವ ಕೆಲಸ ಹಿಡಿದರು. 1794ರಲ್ಲಿ ಐದು ವರ್ಷದ ಮಗ ಪೀಟರ್ ಭೇದಿಯಿಂದ ತೀರಿಕೊಂಡ. ಅಲ್ಲಿಂದ ಹೆಂಡತಿ ಡೊರೊಥಿಯ ಮನಸ್ಸು ಪೂರ್ತಿ ಕೆಟ್ಟುಹೋಯಿತು. 1807ರಲ್ಲಿ ಸಾಯುವವರೆಗೂ ಸರಿಹೋಗಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಡೊರೊಥಿಯನ್ನು ಕ್ಯಾರಿಯ ಕಷ್ಟಗಳ ಪಟ್ಟಿಯಲ್ಲಿ ಒಂದು ಸಾಲಾಗಿ ಸೇರಿಸುವುದು ನನಗೆ ಹಿಡಿಸುವುದಿಲ್ಲ. ಆಕೆಗೆ ಬರುವ ಮನಸ್ಸೇ ಇರಲಿಲ್ಲ. ಕೂಸು ಹುಟ್ಟಿ ಕೆಲವೇ ವಾರಗಳಾಗಿದ್ದವು, ಒತ್ತಾಯ ಮಾಡಿ ಹಡಗು ಹತ್ತಿಸಿದರು. ಸೇವೆಗೆ ಹೊರಡುವವರು ತಮ್ಮ ಮನೆಯವರ ಮನಸ್ಸನ್ನು ಕೇಳದೆ ಹೊರಟರೆ ಅದರ ಬೆಲೆಯನ್ನು ಮನೆಯವರು ತೆರುತ್ತಾರೆ. ಕ್ಯಾರಿಯನ್ನು ಪ್ರೀತಿಸುವವರೂ ಇದನ್ನು ಒಪ್ಪಿಕೊಳ್ಳಬೇಕು. ನಂಬಿಗಸ್ತಿಕೆ ಅಂದರೆ ಮನೆಯವರನ್ನು ತುಳಿದುಕೊಂಡು ಹೋಗುವುದಲ್ಲ.

ಏಳು ವರ್ಷ ಈ ನಾಡಿನವರು ಒಬ್ಬರೂ ಅವರಿಂದ ದೀಕ್ಷಾಸ್ನಾನ ಪಡೆಯಲಿಲ್ಲ. ಏಳು ವರ್ಷ! ನಾವು ಆರು ತಿಂಗಳಿಗೇ ವರದಿ ಕೇಳುತ್ತೇವೆ. 1800ರಲ್ಲಿ ಕಲ್ಕತ್ತಾ ಹತ್ತಿರ, ಡೆನ್ಮಾರ್ಕಿನವರ ಆಡಳಿತದಲ್ಲಿದ್ದ ಸೆರಾಂಪುರಕ್ಕೆ ಹೋಗಿ, ಜೋಶುವಾ ಮಾರ್ಷ್‌ಮನ್ ಮತ್ತು ಮುದ್ರಣ ಗೊತ್ತಿದ್ದ ವಿಲಿಯಂ ವಾರ್ಡ್ ಜೊತೆ ಸೇರಿದರು. ಆ ವರ್ಷದ ಡಿಸೆಂಬರ್ 28ರಂದು ಕೃಷ್ಣ ಪಾಲ್ ಎಂಬ ಬಡಗಿಗೆ ಹೂಗ್ಲಿ ನದಿಯಲ್ಲಿ ದೀಕ್ಷಾಸ್ನಾನ ಆಯಿತು. ಏಳು ವರ್ಷ ಕಾದ ದಿನ ಅದು. ಅದೇ ದಿನ ಡೊರೊಥಿ ಒಂದು ಕೋಣೆಯಲ್ಲಿ ಚೀರಾಡುತ್ತಿದ್ದರು. ಇನ್ನೊಂದು ಕಡೆ ಥಾಮಸ್, ಕೃಷ್ಣ ಪಾಲ್‌ನ ಸರಿದ ಭುಜವನ್ನು ಕೂರಿಸಿ ಅವನಿಗೆ ಸುವಾರ್ತೆ ಹೇಳಿದ ಅದೇ ಥಾಮಸ್, ಬುದ್ಧಿ ಸ್ಥಿಮಿತ ತಪ್ಪಿ ಕೂಗುತ್ತಿದ್ದರು. ಸಂತೋಷವೂ ಸಂಕಟವೂ ಒಂದೇ ಅಂಗಳದಲ್ಲಿ ಇದ್ದವು. ಇದನ್ನು ಓದಿದಾಗಲೆಲ್ಲ ನನಗೆ ಒಂಥರಾ ಸಮಾಧಾನ ಆಗುತ್ತದೆ. ಮನೆಯ ಕಷ್ಟ ಮುಗಿದ ಮೇಲೆ ಮಾತ್ರ ದೇವರು ಕೆಲಸ ಮಾಡುತ್ತಾರೆ ಅಂತ ಏನೂ ಇಲ್ಲ.

ಈಗ ಬೆಂಕಿಯ ವಿಷಯಕ್ಕೆ ಬರುತ್ತೇನೆ. ಕನ್ನಡ ಓದುವ ನಮಗೆ ಇದು ಹತ್ತಿರದ್ದು.

1812ರ ಮಾರ್ಚ್ 11, ಬುಧವಾರ. ಹೊತ್ತು ಮುಳುಗುವ ಸಮಯ. ಕ್ಯಾರಿ ಊರಲ್ಲಿರಲಿಲ್ಲ. ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಪಾಠ ಮಾಡುವುದಕ್ಕೆ ಕಲ್ಕತ್ತಾಕ್ಕೆ ಹೋಗಿದ್ದರು. ಸೆರಾಂಪುರದ ಅವರ ಸುಮಾರು 200 ಅಡಿ ಉದ್ದದ ಮುದ್ರಣಾಲಯದಲ್ಲಿ ವಾರ್ಡ್ ಲೆಕ್ಕಪತ್ರ ನೋಡುತ್ತಾ ಕೂತಿದ್ದರು. ಕಾಗದ ಪೇರಿಸಿಟ್ಟ ಕಡೆಯಿಂದ ಹೊಗೆ ಬಂತು. ಓಡಿಹೋಗಿ ಕಿಟಕಿ ಬಾಗಿಲು ಮುಚ್ಚಿಸಿದರು. ಗಾಳಿ ಸಿಗದಿದ್ದರೆ ಬೆಂಕಿ ಸಾಯುತ್ತದಲ್ಲ. ಮಾಡಿಗೆ ತೂತು ಮಾಡಿ ಗಂಟೆಗಟ್ಟಲೆ ನೀರು ಸುರಿದರು. ಬೆಂಕಿ ಇನ್ನೇನು ಆರಿತು ಅನ್ನುವಷ್ಟರಲ್ಲಿ ಯಾರೋ ಒಂದು ಕಿಟಕಿ ತೆರೆದರು. ಸಹಾಯ ಮಾಡಲು ಬಂದವರೇ ಇರಬೇಕು. ಗಾಳಿ ಒಳಗೆ ನುಗ್ಗಿತು. ನಡುರಾತ್ರಿ ಮಾಡು ಕುಸಿದು ಬಿತ್ತು.

ಹದಿನಾಲ್ಕು ಭಾಷೆಗಳ ಅಚ್ಚಿನ ಮೊಳೆಗಳು ಕರಗಿ ಗಟ್ಟಿಯಾದವು. ಹಸ್ತಪ್ರತಿಗಳು ಹೋದವು. ಸಂಸ್ಕೃತದ ಹಳೆ ಒಡಂಬಡಿಕೆಯ ಭಾಗಗಳು, ಬಂಗಾಳಿ ನಿಘಂಟಿನ ಹಾಳೆಗಳು, ತೆಲುಗು ವ್ಯಾಕರಣ. ಜೊತೆಗೆ ಕ್ಯಾರಿ ಪಂಡಿತರನ್ನು ಕೂರಿಸಿಕೊಂಡು ಸಿದ್ಧ ಮಾಡಿಸಿದ್ದ ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಹೋಯಿತು. ನಮ್ಮ ಭಾಷೆಯಲ್ಲಿ ಮತ್ತಾಯನೂ ಯೋಹಾನನೂ ಅಚ್ಚಾಗುವ ಮೊದಲೇ ಬಂಗಾಳದಲ್ಲಿ ಒಂದು ಸಲ ಬೂದಿಯಾಗಿದ್ದರು. ಭಾನುವಾರ ಸತ್ಯವೇದ ತೆರೆಯುವಾಗ ಇದು ನೆನಪಾದರೆ ನನಗೆ ಹಾಳೆ ಮಗುಚುವ ಕೈಯೇ ನಿಧಾನ ಆಗುತ್ತದೆ.

ಮಾರನೆಯ ಬೆಳಗ್ಗೆ ಮಾರ್ಷ್‌ಮನ್ ಕಲ್ಕತ್ತಾಕ್ಕೆ ಹೋಗಿ ವಿಷಯ ತಿಳಿಸಿದರು. ಕ್ಯಾರಿ ವಾಪಸ್ ಬಂದು, ಇನ್ನೂ ಹೊಗೆಯಾಡುತ್ತಿದ್ದ ಜಾಗದಲ್ಲಿ ನಿಂತು ಕಣ್ಣೀರು ಹಾಕಿದರು. ವರ್ಷಗಳ ದುಡಿಮೆ ಒಂದೇ ಸಂಜೆಗೆ ಹೋಯಿತಲ್ಲ ಅಂದರು. ಅತ್ತರು ಅನ್ನುವುದು ನನಗೆ ಮುಖ್ಯ. ನಮ್ಮಲ್ಲಿ ಕೆಲವರು ದುಃಖಪಟ್ಟರೆ ವಿಶ್ವಾಸ ಕಡಿಮೆ ಆಯಿತು ಅಂದುಕೊಳ್ಳುತ್ತಾರೆ. ಮನೆಯಲ್ಲಿ ಸಾವಾದಾಗಲೂ "ಅಳಬೇಡಿ, ವಿಶ್ವಾಸಿಗಳಲ್ವಾ" ಅನ್ನುವವರಿದ್ದಾರೆ. ಲಾಜರನ ಸಮಾಧಿಯ ಹತ್ತಿರ ಯೇಸುಸ್ವಾಮಿಯೇ ಅತ್ತರು.

ಅಷ್ಟರಲ್ಲಿ ವಾರ್ಡ್ ಬೂದಿ ಕೆದಕುತ್ತಿದ್ದರು. ಮೊಳೆ ಎರಕ ಹೊಯ್ಯುವ ಉಕ್ಕಿನ ಅಚ್ಚುಗಳು ಕೆಡದೆ ಸಿಕ್ಕವು. ಐದು ಮುದ್ರಣ ಯಂತ್ರಗಳು ಬೇರೆ ಕೋಣೆಯಲ್ಲಿದ್ದದ್ದರಿಂದ ಉಳಿದಿದ್ದವು. ಕರಗಿದ ಲೋಹವನ್ನೇ ಒಟ್ಟುಮಾಡಿ, ಖಾಲಿಯಿದ್ದ ಒಂದು ದೊಡ್ಡ ಗೋದಾಮಿನಲ್ಲಿ ಮತ್ತೆ ಎರಕ ಹೊಯ್ಯುವುದಕ್ಕೆ ಶುರುಮಾಡಿದರು. ಮುಂದಿನ ಭಾನುವಾರ ಕ್ಯಾರಿ ಪ್ರಸಂಗಕ್ಕೆ ಆರಿಸಿಕೊಂಡದ್ದು 46ನೇ ಕೀರ್ತನೆ. ಸುಮ್ಮನಿರಿ, ನಾನೇ ದೇವರೆಂದು ತಿಳಿದುಕೊಳ್ಳಿ ಎಂಬ ವಚನ. ಪ್ರಸಂಗ ಮುಗಿಸಿ ಅವರು ಸುಮ್ನೆ ಕೂರಲಿಲ್ಲ. ಒಮ್ಮೆ ನಡೆದ ದಾರಿಯನ್ನು ಎರಡನೇ ಸಲ ನಡೆಯುವುದು ಸುಲಭ ಅನ್ನುವ ಅರ್ಥದ ಮಾತು ಬರೆದು, ಮೇಜಿನ ಮುಂದೆ ಕೂತು ಮೊದಲ ಹಾಳೆಯಿಂದ ಕೆಲಸ ಹಿಡಿದರು. 1817ರಲ್ಲಿ ಅವರ ಕನ್ನಡ ವ್ಯಾಕರಣ ಅಚ್ಚಾಯಿತು. 1820ರ ದಶಕದಲ್ಲಿ ಕನ್ನಡ ಹೊಸ ಒಡಂಬಡಿಕೆಯೂ ಸೆರಾಂಪುರದಿಂದ ಹೊರಬಂತು.

ಸಾಮಾನ್ಯವಾಗಿ ಪ್ರಸಂಗಗಳಲ್ಲಿ ಕಥೆ ಇಲ್ಲಿಗೆ ನಿಲ್ಲುತ್ತದೆ. ಕಳೆದುಕೊಂಡದ್ದೆಲ್ಲ ಸಿಕ್ಕಿತು, ಆಮೆನ್. ಆದರೆ ಎಲ್ಲ ಸಿಗಲಿಲ್ಲ. ಸಂಸ್ಕೃತವನ್ನು ಇಟ್ಟುಕೊಂಡು ಹಲವು ಭಾಷೆಗಳ ಪದಗಳನ್ನು ಸೇರಿಸಿ ಕ್ಯಾರಿ ಒಂದು ದೊಡ್ಡ ನಿಘಂಟು ಮಾಡುತ್ತಿದ್ದರು. ಅದು ಸುಟ್ಟುಹೋಯಿತು, ಮತ್ತೆ ಯಾವತ್ತೂ ಆಗಲಿಲ್ಲ. ಇನ್ನು ಕನ್ನಡ ಹೊಸ ಒಡಂಬಡಿಕೆ. ಅಷ್ಟು ಕಷ್ಟಪಟ್ಟು ಎರಡನೇ ಸಲ ಮಾಡಿದ್ದು ನಮ್ಮಲ್ಲಿ ಬಳಕೆಯಲ್ಲಿ ನಿಲ್ಲಲಿಲ್ಲ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಯವರು ಕನ್ನಡಿಗರ ನಡುವೆಯೇ ಇದ್ದು ಮಾಡಿದ ಅನುವಾದ ಮುಂದುವರಿಯಿತು. ಅದೇ ಆಮೇಲೆ ತಿದ್ದುಪಡಿ ಆಗುತ್ತಾ ಬಂತು. ಹಾಗಾದರೆ ಕ್ಯಾರಿಯ ಕನ್ನಡ ಕೆಲಸ ವ್ಯರ್ಥವಾ? ನಾನು ಹಾಗೆ ಹೇಳಲಾರೆ. ನಾವು ಮಾಡಿದ್ದು ಉಳಿಯುತ್ತದೋ ಇಲ್ಲವೋ ಅನ್ನುವುದು ನಮಗೆ ಬಿಟ್ಟ ವಿಷಯವೇ ಅಲ್ಲ. ಆ ದಿನದ ಹಾಳೆ ಬರೆಯುವುದು ಅವರಿಗೆ ಬಿಟ್ಟ ವಿಷಯ. ಅದನ್ನು ಅವರು ಮಾಡಿದರು.

ಹೊರಗಿನವರ ಹಾಸ್ಯವನ್ನೂ ಅವರು ಕೇಳಿದರು. 1808ರಲ್ಲಿ ಸಿಡ್ನಿ ಸ್ಮಿತ್ ಅನ್ನುವ ಪಾದ್ರಿಯೊಬ್ಬರು 'ಎಡಿನ್‌ಬರೋ ರಿವ್ಯೂ' ಅನ್ನುವ ದೊಡ್ಡ ಪತ್ರಿಕೆಯಲ್ಲಿ ಈ ಚಮ್ಮಾರ ಮಿಷನರಿಗಳನ್ನು ಗೇಲಿ ಮಾಡಿ ಬರೆದಿದ್ದರು. ಅದು ಅವರನ್ನು ಅಷ್ಟು ಕಾಡಿರಲಿಕ್ಕಿಲ್ಲ. ಮುದಿ ವಯಸ್ಸಿನಲ್ಲಿ ಆದದ್ದು ಬೇರೆ. ಇಂಗ್ಲೆಂಡಿನಲ್ಲಿ ಅವರನ್ನು ಕಳಿಸಿದ ಹಳೆಯ ಗೆಳೆಯರೆಲ್ಲ ತೀರಿಕೊಂಡಿದ್ದರು. ಹೊಸಬರಿಗೆ ಅನುಮಾನ. ಆಸ್ತಿ ಯಾರ ಹೆಸರಲ್ಲಿದೆ, ದುಡ್ಡು ಎಲ್ಲಿ ಹೋಯಿತು ಅಂತ ಪ್ರಶ್ನೆ. ಕಾಲೇಜಿನ ಸಂಬಳವನ್ನೆಲ್ಲ ಸೇವೆಗೇ ಸುರಿದಿದ್ದ ಮನುಷ್ಯನಿಗೆ ಈ ಪ್ರಶ್ನೆ! ಕೊನೆಗೆ 1827ರಲ್ಲಿ ಸೆರಾಂಪುರದವರು ತಮ್ಮನ್ನು ಕಳಿಸಿದ್ದ ಬ್ಯಾಪ್ಟಿಸ್ಟ್ ಮಿಷನರಿ ಸಂಘದಿಂದ ಬೇರೆಯಾಗಬೇಕಾಯಿತು. ಸಭೆಯ ಒಳಗಿನಿಂದಲೇ ಏಟು ತಿಂದವರಿಗೆ ಇದು ಅರ್ಥವಾಗುತ್ತದೆ. ಹೊರಗಿನವರು ಕಲ್ಲು ಹೊಡೆದರೆ ಸಹಿಸಬಹುದು, ಜೊತೆಗೆ ಕೂತು ಕರ್ತನ ಭೋಜನ ತೆಗೆದುಕೊಂಡವರೇ ಅನುಮಾನಪಟ್ಟರೆ ಎಷ್ಟೋ ಜನ ಮತ್ತೆ ಮೇಲೇಳುವುದಿಲ್ಲ. ಕ್ಯಾರಿ ತಮ್ಮ ಅಣ್ಣತಮ್ಮಂದಿರ ಮಗನೊಬ್ಬನ ಹತ್ತಿರ ತಮ್ಮ ಬಗ್ಗೆ ಹೇಳಿಕೊಂಡದ್ದು ಇಷ್ಟು: ಕಾಲೆಳೆದುಕೊಂಡಾದರೂ ನಡೆಯಬಲ್ಲೆ, ಹಿಡಿದ ಕೆಲಸ ಬಿಡದೆ ಮಾಡಬಲ್ಲೆ, ನನ್ನದು ಅಂತ ಇರುವುದೆಲ್ಲ ಅದರಿಂದಲೇ ಬಂದದ್ದು. 1834ರಲ್ಲಿ ಸಾಯುವವರೆಗೂ ಅನುವಾದ ತಿದ್ದುತ್ತಲೇ ಇದ್ದರು.

ಸುಟ್ಟದ್ದನ್ನು ಮತ್ತೆ ಬರೆಯುವುದು ಸತ್ಯವೇದದಲ್ಲೇ ಇದೆ. ಯೆರೆಮೀಯ 36ನೇ ಅಧ್ಯಾಯ ಓದಿ. ಪ್ರವಾದಿ ಹೇಳಿದ, ಬಾರೂಕ ಬರೆದ. ಅರಸ ಯೆಹೋಯಾಕೀಮ ಚಳಿಗಾಲದ ಅರಮನೆಯಲ್ಲಿ ಬೆಂಕಿ ಕಾಯಿಸುತ್ತಾ ಕೂತಿದ್ದ. ಮೂರು ನಾಲ್ಕು ಅಂಕಣ ಓದಿದ ಹಾಗೆ ಚೂರಿಯಿಂದ ಕತ್ತರಿಸಿ ಬೆಂಕಿಗೆ ಹಾಕುತ್ತಾ ಹೋದ. ಇಡೀ ಸುರುಳಿ ಮುಗಿಯಿತು. ಬೇಡ ಅಂತ ಮೂವರು ಬೇಡಿಕೊಂಡರೂ ಕೇಳಲಿಲ್ಲ. ದೇವರು ಯೆರೆಮೀಯನಿಗೆ ಹೇಳಿದ್ದು: ಇನ್ನೊಂದು ಸುರುಳಿ ತೆಗೆದುಕೋ, ಮೊದಲಿನದೆಲ್ಲ ಬರೆ. ಆ ಹೊಸ ಸುರುಳಿಯಲ್ಲಿ ಹಳೆಯ ಮಾತುಗಳ ಜೊತೆಗೆ ಇನ್ನೂ ಅಂಥ ಎಷ್ಟೋ ಮಾತುಗಳು ಸೇರಿದವು.

ಬಾರೂಕನ ಪಾಡು ನೋಡಿ. 45ನೇ ಅಧ್ಯಾಯ ಅವನೊಬ್ಬನಿಗಾಗಿ ಇರುವಂಥದ್ದು, ಐದೇ ವಚನ. ನರಳಿ ನರಳಿ ದಣಿದಿದ್ದೇನೆ, ನನಗೆ ವಿಶ್ರಾಂತಿಯೇ ಇಲ್ಲ ಅಂತ ಅವನು ಹೇಳಿಕೊಂಡಿದ್ದ. ದೇವರ ಉತ್ತರ ಮೊದಲ ಓದಿಗೆ ಕಠಿಣ ಅನ್ನಿಸುತ್ತದೆ. ನಾನು ಕಟ್ಟಿದ್ದನ್ನು ನಾನೇ ಕೆಡವುತ್ತಿರುವಾಗ ನೀನು ನಿನಗಾಗಿ ದೊಡ್ಡದನ್ನು ಹುಡುಕುತ್ತೀಯಾ? ಹುಡುಕಬೇಡ. ನಿನ್ನ ಪ್ರಾಣ ಉಳಿಸಿಕೊಡುತ್ತೇನೆ. ಇಷ್ಟೇ. ನನಗೆ ಇದರಲ್ಲಿ ಕಾಣುವುದು ಕೆಡವುವ ದೇವರ ದುಃಖ. ತಾನು ಕಟ್ಟಿದ್ದು ಬೀಳುವುದನ್ನು ನೋಡುವ ನೋವು ಬಾರೂಕನಿಗಿಂತ ಮೊದಲು ದೇವರದು. ಬಾರೂಕನ ಹೆಸರಿಗೆ ಒಂದು ಸಭೆಯಿಲ್ಲ, ಅದ್ಭುತವಿಲ್ಲ. ಅವನು ಬರೆದ, ಸುಟ್ಟರು, ಮತ್ತೆ ಬರೆದ.

ನಮ್ಮ ನಾಡಿನ ಒಬ್ಬರ ಬಗ್ಗೆಯೂ ಹೇಳಬೇಕು. ಮಂಗಳೂರಿನ ಆನಂದರಾವ್ ಕೌಂಡಿನ್ಯ. ಸಾರಸ್ವತ ಬ್ರಾಹ್ಮಣ ಮನೆತನ. ಬಾಸೆಲ್ ಮಿಷನ್ನಿನಲ್ಲಿ, 'ಮಂಗಳೂರ ಸಮಾಚಾರ' ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಅವರ ಶಿಷ್ಯ. 1844ರ ಜನವರಿ 6ರಂದು ಇನ್ನಿಬ್ಬರು ಗೆಳೆಯರ ಜೊತೆ ದೀಕ್ಷಾಸ್ನಾನ ಪಡೆದಾಗ ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಊರಿನಲ್ಲಿ ಗಲಾಟೆಯೆದ್ದಿತು. ಮನೆಯ ಬಾಗಿಲು ಮುಚ್ಚಿತು. ಬಾಲ್ಯದಲ್ಲೇ ಮದುವೆಯಾಗಿದ್ದ ಹೆಂಡತಿ ಲಕ್ಷ್ಮಿ ಅವರ ಜೊತೆ ಬರಲಿಲ್ಲ. ಆ ಮನೆಯವರ ನೋವನ್ನೂ ನಾನು ಸಣ್ಣದು ಅನ್ನುವುದಿಲ್ಲ. ಅವರ ಲೆಕ್ಕದಲ್ಲಿ ಮಗ ಬದುಕಿದ್ದೇ ಸತ್ತ ಹಾಗೆ. ಆ ಹುಡುಗಿ ಲಕ್ಷ್ಮಿಯನ್ನು ಯಾರು ಏನು ಕೇಳಿದರು, ಆಕೆ ಏನಂದಳು, ಅದನ್ನೂ ಯೋಚಿಸಬೇಕು.

ಕೌಂಡಿನ್ಯ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಗಿ ಓದಿದರು. 1851ರಲ್ಲಿ ಪಾದ್ರಿಯಾಗಿ ವಾಪಸ್ ಬಂದರು. ಹೆಂಡತಿ ಬಂದಾಳು ಅಂತ ವರ್ಷಗಟ್ಟಲೆ ಕಾದರು. ಆಕೆ ಬರಲೇ ಇಲ್ಲ. ಪ್ರಾರ್ಥನೆ ಮಾಡಿರಲಿಲ್ಲವಾ? ಮಾಡಿಯೇ ಇರುತ್ತಾರೆ. ನಮ್ಮ ಸಾಕ್ಷಿಯ ರೂಢಿಗೆ ಈ ಕಥೆ ಹೊಂದುವುದಿಲ್ಲ. ಕೊನೆಗೆ 1860ರಲ್ಲಿ ಜರ್ಮನಿಯ ಒಬ್ಬ ಹೆಣ್ಣುಮಗಳನ್ನು ಮದುವೆಯಾದರು. ಮಂಗಳೂರಿನಲ್ಲಿ ಉಪದೇಶಿಗಳಿಗೆ ಪಾಠ ಹೇಳಿದರು. ಕೊಡಗಿನ ಆನಂದಪುರದಲ್ಲಿ, ಹೊಲೆಯರೆಂದು ಊರು ದೂರ ಇಟ್ಟಿದ್ದ ಜನರ ನಡುವೆ ಇದ್ದು ಕೆಲಸ ಮಾಡಿದರು. ಬ್ರಾಹ್ಮಣ ಮನೆಯಲ್ಲಿ ಹುಟ್ಟಿದವರು ಆ ಕಾಲದಲ್ಲಿ ಅಲ್ಲಿಗೆ ಹೋದದ್ದು ಸಣ್ಣ ದೂರವಲ್ಲ. 1893ರಲ್ಲಿ ತೀರಿಕೊಂಡರು. ದೀಕ್ಷಾಸ್ನಾನದಿಂದ ಅಲ್ಲಿಗೆ ಸುಮಾರು ಐವತ್ತು ವರ್ಷ. ಮೊದಲ ದಿನದ ಗಲಾಟೆಯ ಬಗ್ಗೆ ಎಲ್ಲರೂ ಬರೆಯುತ್ತಾರೆ. ಉಳಿದ ಐವತ್ತು ವರ್ಷದ ಬೆಳಗುಗಳ ಬಗ್ಗೆ ನನಗೆ ಜಾಸ್ತಿ ಆಸಕ್ತಿ.

ಹಾಗಾದರೆ ಕುಗ್ಗಿದವರಿಗೆ ನಾವೇನು ಮಾಡಬೇಕು? ವಚನ ಕಳಿಸುವುದು ಒಳ್ಳೆಯದೇ. ಬೆಳಗ್ಗೆ ವಾಟ್ಸಾಪ್‌ನಲ್ಲಿ ಬರುವ ವಚನದ ಚಿತ್ರ ನನಗೂ ಎಷ್ಟೋ ಸಲ ಉಪಕಾರ ಮಾಡಿದೆ. ಆದರೆ ಅಷ್ಟೇ ಸಾಲದು. ಎಲೀಯ ಸಾಯಬೇಕು ಅಂತ ಗಿಡದ ಕೆಳಗೆ ಮಲಗಿದ್ದಾಗ ದೇವದೂತ ಪ್ರಸಂಗ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಎದ್ದು ಊಟ ಮಾಡು ಅಂದ. ಎಲೀಯ ತಿಂದು ಮತ್ತೆ ಮಲಗಿದ. ದೂತ ಬೈಯಲಿಲ್ಲ. ಎರಡನೇ ಸಲ ಎಬ್ಬಿಸಿ ಮತ್ತೆ ಊಟ ಕೊಟ್ಟ. ದಾರಿ ದೂರ ಇದೆ, ನಿನಗೆ ಆಗುವುದಿಲ್ಲ ಅಂದ.

ಪೌಲನು ತಿಮೊಥೆಗೆ ಬರೆದ ಎರಡನೇ ಪತ್ರವನ್ನೂ ಒಮ್ಮೆ ನಿಧಾನವಾಗಿ ಓದಿ. ಓಟ ಮುಗಿಸಿದ್ದೇನೆ, ನಂಬಿಕೆಯನ್ನು ಕಾಪಾಡಿಕೊಂಡಿದ್ದೇನೆ ಅನ್ನುವ ವಚನವನ್ನು ನಾವು ಸಮಾಧಿ ಕಲ್ಲಿನ ಮೇಲೆ ಕೆತ್ತಿಸುತ್ತೇವೆ. ಅದರ ಕೆಳಗಿನ ವಚನಗಳನ್ನು ಯಾರೂ ಕೆತ್ತಿಸುವುದಿಲ್ಲ. ದೇಮ ನನ್ನನ್ನು ಬಿಟ್ಟು ಹೋದ. ಕಂಚುಗಾರನಾದ ಅಲೆಕ್ಸಾಂದ್ರ ಬಹಳ ಕೇಡು ಮಾಡಿದ. ಮೊದಲ ವಿಚಾರಣೆಯಲ್ಲಿ ನನ್ನ ಜೊತೆ ಒಬ್ಬರೂ ನಿಲ್ಲಲಿಲ್ಲ. ತ್ರೋವದಲ್ಲಿ ಕರ್ಪನ ಮನೆಯಲ್ಲಿ ಬಿಟ್ಟುಬಂದ ಮೇಲಂಗಿ ತಗೊಂಡು ಬಾ, ಪುಸ್ತಕಗಳನ್ನೂ ತಾ. ಚಳಿಗಾಲಕ್ಕೆ ಮುಂಚೆ ಬಾ. ನಂಬಿಕೆ ಕಾಪಾಡಿಕೊಂಡ ಅದೇ ಮನುಷ್ಯನಿಗೆ ಚಳಿಯಾಗುತ್ತಿತ್ತು. ಅದನ್ನು ಹೇಳಿಕೊಳ್ಳುವುದಕ್ಕೆ ಅವನಿಗೆ ನಾಚಿಕೆ ಆಗಲಿಲ್ಲ.

ಅದೇ ಪತ್ರದ ಮೊದಲ ಅಧ್ಯಾಯದಲ್ಲಿ ಒನೇಸಿಫೊರ ಎಂಬವನ ಹೆಸರು ಬರುತ್ತದೆ. ಅವನು ಪ್ರಸಂಗ ಮಾಡಿದ ಅಂತ ಎಲ್ಲಿಯೂ ಇಲ್ಲ. ರೋಮಿಗೆ ಬಂದಾಗ ಪೌಲನನ್ನು ಹುಡುಕಿಕೊಂಡು ಹೋದ, ಕಂಡುಹಿಡಿದ, ಬೇಡಿ ಹಾಕಿಸಿಕೊಂಡವನ ಹತ್ತಿರ ಕೂರುವುದಕ್ಕೆ ನಾಚಲಿಲ್ಲ. ಅಷ್ಟು ದೊಡ್ಡ ಊರಿನಲ್ಲಿ ಒಬ್ಬ ಕೈದಿಯನ್ನು ಹುಡುಕಬೇಕಾದರೆ ಎಷ್ಟು ಜನರನ್ನು ಕೇಳಿರಬೇಕು, ಎಷ್ಟು ಜನ ಅವನನ್ನು ಅನುಮಾನದಿಂದ ನೋಡಿರಬೇಕು!

ನಿಮ್ಮ ಸಭೆಯಲ್ಲೂ ಇತ್ತೀಚೆಗೆ ಕಾಣದವರು ಒಬ್ಬರಾದರೂ ಇರುತ್ತಾರೆ. ಒಬ್ಬರೇ ವಿಶ್ವಾಸಿಯಾಗಿರುವ ಮನೆಯವರು, ಇಲ್ಲವೇ ಹಳ್ಳಿಯಲ್ಲಿ ಸಣ್ಣ ಸಭೆ ನಡೆಸುತ್ತಾ ದನಿ ಕುಗ್ಗಿದ ಪಾಸ್ಟರ್ ಅಯ್ಯನವರು. ಮೊದಲು ಫೋನ್ ಮಾಡಿ. ಬರುವಾಗ ಏನು ತರಲಿ ಅಂತ ಕೇಳಿ. ಮನೆಗೆ ಹೋದರೆ ಅವರಿಗೆ ತೊಂದರೆಯಾಗುತ್ತದೆ ಅಂದರೆ ಬಸ್ ಸ್ಟ್ಯಾಂಡಿನಲ್ಲೇ ಕೂತು ಮಾತಾಡಿ. ಹೇಗೂ ಮಳೆ ಹಿಡಿದರೆ ಆ ಕಡೆಯ ರಸ್ತೆ ಕೆಡುತ್ತದೆ, ಅದಕ್ಕೆ ಮುಂಚೆ ಹೋಗಿ ಬನ್ನಿ.